ಹಳೇ ಜೀಪಿನ ಹುಡ್ ಬಿಸಾಡಬೇಡಿ

ಮಾನ್ಯರೇ,

ನಮ್ಮ ಮನೆಯಲ್ಲಿ 1987ರ ಮಹೀಂದ್ರಾ ಎಂಎಂ 540 ಜೀಪಿದೆ. ಕಳೆದ ಮಳೆಗಾಲದಲ್ಲಿ ಅದರ ಕ್ಯಾನ್ವಾಸ್ ಹುಡ್, ಅಂದರೆ ಬಟ್ಟೆಯ ಮೇಲ್ಛಾವಣಿ, ಹೊಲಿಗೆ ಬಿಟ್ಟು, ನೀರು ನೇರ ಮಡಿಲಿಗೇ ಬೀಳುತ್ತಿತ್ತು. ರೆಡಿಮೇಡ್ ಹುಡ್ ತಂದೆ. ಹುಡ್ ಹೊರುವ ಕಬ್ಬಿಣದ ಕಮಾನುಗಳಲ್ಲಿ ಹಿಂದಿನದಕ್ಕೆ ನಾಲ್ಕು ಬೆರಳು ಸಾಲಲಿಲ್ಲ. ದುಡ್ಡು ಸುಮ್ನೆ ಹೋಯಿತು.

ಕೊನೆಗೆ ಹಳೇ ಹುಡ್ಡನ್ನೇ ಅಂಗಳದಲ್ಲಿ ಹಾಸಿ ಒಂದೊಂದೇ ಹೊಲಿಗೆ ಬಿಡಿಸಿದೆವು. ತುಂಡುಗಳನ್ನು ಹೊಸ ಬಟ್ಟೆ ಮೇಲಿಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆದೆವು. ನಮ್ಮೂರಿನ ಕುಶನ್ ಕೆಲಸದ ಹಿರಿಯರು 'ನೈಲಾನ್ ಬೇಡ, ಹತ್ತಿ ದಾರವೇ ಇರಲಿ' ಎಂದರು. ಒದ್ದೆಯಾದಾಗ ಹತ್ತಿ ಉಬ್ಬಿ ಸೂಜಿ ತೂತು ಮುಚ್ಚುತ್ತದೆ, ಅಲ್ವಾ. ಹೊಲಿಗೆ ಮೇಲೆ ಮೇಣ ಉಜ್ಜಿದೆವು. ಕಮಾನಿನ ತುಕ್ಕು ಕೆರೆದು ರೆಡ್ ಆಕ್ಸೈಡ್ ಬಳಿದೆವು. ಹಾಗೇ ಬಿಟ್ಟರೆ ಆ ತುಕ್ಕೇ ಹೊಸ ಬಟ್ಟೆಯನ್ನೂ ತಿನ್ನುತ್ತದೆ. ಎರಡು ಭಾನುವಾರ ಹಿಡಿಯಿತು.

ಈ ಜೂನಿನಲ್ಲಿ ಒಂದು ಹನಿಯೂ ಒಳಗೆ ಬಂದಿಲ್ಲ. ಮಲೆನಾಡಿನ ತೋಟಗಳಲ್ಲಿ ಇಂಥ ಜೀಪುಗಳು ಇನ್ನೂ ಓಡುತ್ತಿವೆ. ಹಳೇ ಹುಡ್ ಹರಿದಿದೆ ಎಂದು ದಯವಿಟ್ಟು ಯಾರೂ ಗುಜರಿಗೆ ಹಾಕಬೇಡಿ, ಅಳತೆಗೆ ಸಿಗುವುದು ಅದೊಂದೇ. ಹುಡ್ ಹೊಲಿಯುವವರು ನಮ್ಮ ಕಡೆ ಈಗ ಒಬ್ಬಿಬ್ಬರೇ ಉಳಿದಿದ್ದಾರೆ. ನಿಮ್ಮ ವಾಹನ ಪುಟದಲ್ಲಿ ಹೊಸ ಕಾರುಗಳ ಜೊತೆಗೆ ಇವರ ಕೆಲಸದ ಬಗ್ಗೆಯೂ ಬರೆಯಿರಿ.

– ಕಾಫಿ ಬೆಳೆಗಾರ, ಸಕಲೇಶಪುರ