ಆನೆಗೊಂದಿಯ ಬಂಡೆ ಎದುರಿಗಿರುವಾಗ ತ್ರಿಕೋನ ಗುಡ್ಡ ಏಕೆ?

ಸಂಪಾದಕರಿಗೆ,

ನಿಸರ್ಗ ಚಿತ್ರಕಲೆಯ ಇತಿಹಾಸದ ಬಗ್ಗೆ ಭಾನುವಾರದ ಪುರವಣಿಯಲ್ಲಿ ಬಂದ ಬರಹವನ್ನು ಓದಿದೆವು. ಇಂಥ ವಿಷಯಕ್ಕೆ ಪತ್ರಿಕೆ ಇಡೀ ಪುಟ ಕೊಟ್ಟಿದ್ದು ಸಂತೋಷ. ಆದರೆ ಅದರಲ್ಲಿನ ಎರಡು ಮಾತನ್ನು ಒಪ್ಪಲಾಗದು. ಈ ಪ್ರಕಾರ ಯುರೋಪಿನಲ್ಲೇ ಹುಟ್ಟಿತು ಎಂಬುದು ಒಂದು. ಬಯಲುಸೀಮೆಯಲ್ಲಿ ಬರೆಯುವಂಥ ನಿಸರ್ಗವಿಲ್ಲ, ಅದಕ್ಕೆ ಮಲೆನಾಡಿಗೇ ಹೋಗಬೇಕು ಎಂಬುದು ಇನ್ನೊಂದು. ಹೆಚ್ಚು ಕೇಡು ಮಾಡುವುದು ಈ ಎರಡನೆಯದು. ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯ ಶಾಲಾ ಸ್ಪರ್ಧೆಗಳಲ್ಲಿ ‘ನಿಸರ್ಗ ದೃಶ್ಯ’ ಎಂದು ವಿಷಯ ಕೊಟ್ಟರೆ ಬಹುಪಾಲು ಹಾಳೆಗಳಲ್ಲಿ ಬರುವುದು ಒಂದೇ ಚಿತ್ರ: ಎರಡು ತ್ರಿಕೋನ ಗುಡ್ಡ, ನಡುವೆ ಅರ್ಧ ಸೂರ್ಯ, ಅಲ್ಲಿಂದಲೇ ಇಳಿದ ನೀಲಿ ಹೊಳೆ, ಒಂದು ಕಡೆ ಹಂಚಿನ ಮನೆ, ಇನ್ನೊಂದು ಕಡೆ ತೆಂಗಿನ ಮರ. ಆ ಮಕ್ಕಳ ಶಾಲೆಯ ಕಿಟಕಿಯಾಚೆ ಇರುವುದು ಒಂದರ ಮೇಲೊಂದು ಕೂತ ದುಂಡು ಬಂಡೆ, ಎರೆ ಹೊಲ, ಕಾಲುವೆ, ಜಾಲಿ. ಅದನ್ನು ಯಾರೂ ಬರೆಯುವುದಿಲ್ಲ, ಬರೆಯಲು ಬರುತ್ತದೆ ಎಂದು ಯಾರೂ ಹೇಳಿಕೊಡುವುದೂ ಇಲ್ಲ.

ಮೊದಲು ಹುಟ್ಟಿನ ವಿಚಾರ. ಬೆಟ್ಟ, ನೀರು, ಮಂಜನ್ನು ಕಥೆಯ ಹಿನ್ನೆಲೆಯಾಗಿ ಇಡದೆ ಅವನ್ನೇ ಚಿತ್ರದ ವಸ್ತುವಾಗಿ ಮಾಡಿಕೊಂಡದ್ದರಲ್ಲಿ ಚೀನಾದವರು ಯುರೋಪಿಗಿಂತ ಶತಮಾನಗಳಷ್ಟು ಮುಂದಿದ್ದರು. ಸುಮಾರು ಸಾವಿರ ವರ್ಷದ ಹಿಂದೆ ಫಾನ್ ಕುವಾನ್ ರೇಷ್ಮೆಯ ಮೇಲೆ ಬರೆದ ಬೆಟ್ಟದ ಚಿತ್ರ ಎರಡು ಮೀಟರಿಗೂ ಎತ್ತರವಿದ್ದು, ಈಗಲೂ ತೈಪೆಯ ಅರಮನೆ ವಸ್ತುಸಂಗ್ರಹಾಲಯದಲ್ಲಿದೆ. ಅದರಲ್ಲಿ ಕೆಳಗೆ ಹೇಸರಗತ್ತೆ ಹೊಡೆದುಕೊಂಡು ಹೋಗುವ ಪ್ರಯಾಣಿಕರನ್ನು ಹುಡುಕಿ ನೋಡಬೇಕು. 1072ರಲ್ಲಿ ‘ವಸಂತದ ಆರಂಭ’ ಎಂಬ ಚಿತ್ರ ಬರೆದ ಗುವೊ ಶಿ ಬೆಟ್ಟದಲ್ಲಿ ಮೂರು ಬಗೆಯ ದೂರ ಇರುತ್ತದೆ ಎಂದು ವಿಂಗಡಿಸಿದ. ಬುಡದಲ್ಲಿ ನಿಂತು ತುದಿ ನೋಡಿದರೆ ಎತ್ತರದ ದೂರ. ಮುಂದಿನ ಬೆಟ್ಟದ ಸಂದಿಯಿಂದ ಹಿಂದಿನ ಬೆಟ್ಟಗಳೊಳಕ್ಕೆ ಇಣುಕಿದರೆ ಆಳದ ದೂರ. ಹತ್ತಿರದ ಬೆಟ್ಟದಿಂದ ದೂರದ ಬೆಟ್ಟಗಳ ಕಡೆ ಕಣ್ಣು ಹಾಯಿಸಿದರೆ ಸಮದ ದೂರ. ಎತ್ತರದ್ದಕ್ಕೆ ಸ್ವಚ್ಛ ಬೆಳಕಿನ ಬಣ್ಣ, ಆಳದ್ದಕ್ಕೆ ಭಾರದ ಕಪ್ಪು ಛಾಯೆ ಎಂದೂ ಆತ ಹೇಳಿದ್ದಾನೆ.

ಇದನ್ನು ಆನೆಗೊಂದಿಯಲ್ಲಿ ಒಂದೇ ದಿನ ಪರೀಕ್ಷಿಸಿ ನೋಡಬಹುದು. ಅಂಜನಾದ್ರಿಯ ಮೆಟ್ಟಿಲ ಬುಡದಲ್ಲಿ ನಿಂತರೆ ಮೊದಲನೆಯದು, ಬಂಡೆಗಳ ಸಂದಿಯಲ್ಲಿ ಎರಡನೆಯದು, ಮೇಲೆ ಹತ್ತಿ ತುಂಗಭದ್ರೆ, ಗದ್ದೆ, ಹಂಪಿ ಕಡೆಯ ಗುಡ್ಡಗಳನ್ನು ನೋಡಿದರೆ ಮೂರನೆಯದು. ಮೂರಕ್ಕೂ ಹಾಳೆಯ ಮೇಲಿನ ದಿಗಂತ ರೇಖೆಯ ಜಾಗ ಬೇರೆ. ದಿಗಂತ ಯಾವಾಗಲೂ ನೋಡುವವರ ಕಣ್ಣಿನ ಮಟ್ಟದಲ್ಲೇ ಇರುತ್ತದೆ, ನಾವು ಹತ್ತಿದಷ್ಟೂ ಅದೂ ಮೇಲೇರುತ್ತದೆ. ಕಣ್ಣಿಗಿಂತ ಕೆಳಗಿರುವ ಬಂಡೆಯ ನೆತ್ತಿ ಕಾಣುತ್ತದೆ, ಮೇಲಿರುವುದರ ನೆತ್ತಿ ಕಾಣುವುದಿಲ್ಲ. ಮಕ್ಕಳು ಎಲ್ಲ ಬಂಡೆಗೂ ನೆತ್ತಿ ಬರೆದು ಗುಡ್ಡವನ್ನು ಚಪ್ಪಟೆ ಮಾಡುವುದು ಈ ಒಂದು ಸಂಗತಿ ತಿಳಿಯದೆ.

ಯುರೋಪಿನ ಕಥೆಯಲ್ಲಿ ತಾರೀಖುಗಳು ಸ್ಪಷ್ಟವಾಗಿವೆ. ಲಿಯೊನಾರ್ಡೊ 1473ರ ಆಗಸ್ಟ್ 5ರಂದು ಆರ್ನೊ ಕಣಿವೆಯನ್ನು ಲೇಖನಿಯಲ್ಲಿ ಬರೆದು ಹಾಳೆಯ ಮೇಲೆ ದಿನಾಂಕ ಹಾಕಿದ. ಆಲ್ಟ್‌ಡಾರ್ಫರ್ ಎಂಬ ಜರ್ಮನ್ ಚಿತ್ರಕಾರ 16ನೇ ಶತಮಾನದ ಮೊದಲರ್ಧದಲ್ಲಿ ಮನುಷ್ಯಾಕೃತಿಯೇ ಇಲ್ಲದ ಕಾಡಿನ ಚಿತ್ರಗಳನ್ನು ಬರೆದ. 1565ರಲ್ಲಿ ಬ್ರೂಗಲ್ ಋತುಗಳ ಸರಣಿ ಮಾಡಿದ. ಇಷ್ಟಾದರೂ ಪ್ಯಾರಿಸ್ಸಿನ ಅಕಾಡೆಮಿಯಲ್ಲಿ 1667ರಲ್ಲಿ ಫೆಲಿಬಿಯಾನ್ ಎಂಬ ಕಲಾ ಬರಹಗಾರ ಚಿತ್ರ ಪ್ರಕಾರಗಳಿಗೆ ಹಾಕಿದ ಶ್ರೇಣಿಯಲ್ಲಿ ನಿಸರ್ಗ ಚಿತ್ರಕ್ಕೆ ಸಿಕ್ಕಿದ್ದು ಕೆಳಗಿನ ಮೆಟ್ಟಿಲು, ಹಣ್ಣು ಹೂವಿನ ಚಿತ್ರಕ್ಕಿಂತ ಒಂದಿಷ್ಟು ಮೇಲೆ.

ನಮ್ಮ ಓದುಗರು ಗಮನಿಸಬೇಕಾದದ್ದು ಡಚ್ಚರನ್ನು. ಅವರ ನೆಲದಲ್ಲಿ ಗುಡ್ಡವೇ ಇಲ್ಲ, ಸಿಂಧನೂರಿನ ಗದ್ದೆ ಬಯಲಿಗಿಂತಲೂ ಸಪಾಟು. ಆದರೂ 17ನೇ ಶತಮಾನದಲ್ಲಿ ನಿಸರ್ಗ ಚಿತ್ರವನ್ನು ಸಾಮಾನ್ಯ ಗೃಹಸ್ಥರ ಗೋಡೆಗೆ ತಂದವರು ಅವರೇ. ಚರ್ಚು, ಅರಮನೆಗಳ ಬದಲು ವರ್ತಕರು, ಕುಶಲಕರ್ಮಿಗಳು ಕೊಳ್ಳುವವರಾದರು. ಫಾನ್ ಹೋಯೆನ್ ಕಂದು, ಬೂದು, ಹಸಿರಿನ ಕೆಲವೇ ಬಣ್ಣವನ್ನು ತೆಳುವಾಗಿ, ಹಸಿಯ ಮೇಲೆ ಹಸಿಯಾಗಿ ಎಳೆದು ಬೇಗ ಮುಗಿಸುತ್ತಿದ್ದ. ಹಾಗಾಗಿ ಬೆಲೆಯೂ ಕಡಿಮೆ. ರೌಸ್ಡಾಲ್ ಹಾರ್ಲೆಮ್ ಊರನ್ನು ಬರೆದ ಚಿತ್ರಗಳಲ್ಲಿ ಕ್ಯಾನ್ವಾಸಿನ ಮೂರನೇ ಎರಡು ಭಾಗ ಆಕಾಶಕ್ಕೇ ಬಿಟ್ಟಿದ್ದಾನೆ. ಮೋಡದ ನೆರಳು ನೆಲದ ಮೇಲೆ ಪಟ್ಟೆಯಾಗಿ ಬಿದ್ದು, ನಡುವೆ ಒಂದು ಪಟ್ಟೆ ಮಾತ್ರ ಬಿಸಿಲಲ್ಲಿ ಹೊಳೆಯುತ್ತದೆ. ಸಪಾಟು ನೆಲಕ್ಕೆ ಆಳ ಕೊಡುವುದು ಈ ಪಟ್ಟೆಗಳೇ.

ರಾಯಚೂರಿನ ಎರೆ ಬಯಲಿಗೆ ಈ ಕ್ರಮ ಹಾಗೇ ಹೊಂದುತ್ತದೆ. ದಿಗಂತವನ್ನು ಹಾಳೆಯ ಕೆಳಗಿನ ಮೂರನೇ ಒಂದು ಭಾಗದಲ್ಲಿ ಇಡಿ. ನೆಲವನ್ನು ನೆರಳು, ಬಿಸಿಲು, ನೆರಳು ಎಂದು ಅಡ್ಡ ಪಟ್ಟೆಯಲ್ಲಿ ಹಂಚಿ, ದಿಗಂತಕ್ಕೆ ಹೋದಂತೆ ಪಟ್ಟೆಯನ್ನು ಕಿರಿದು ಮಾಡುತ್ತಾ ಹೋಗಿ. ಮೋಡಗಳೂ ಹಾಗೆಯೇ. ನೆತ್ತಿಯ ಮೇಲೆ ದೊಡ್ಡವು, ದೂರಕ್ಕೆ ಸಣ್ಣವು, ಚಪ್ಪಟೆಯಾದವು. ಎಲ್ಲ ಮೋಡವನ್ನೂ ಒಂದೇ ಅಳತೆಯಲ್ಲಿ ಬರೆದರೆ ಆಕಾಶ ಎದುರಿಗೆ ಎದ್ದು ನಿಂತ ಗೋಡೆ ಆಗಿಬಿಡುತ್ತದೆ. ಜುಲೈ, ಆಗಸ್ಟಿನಲ್ಲಿ ಲಿಂಗಸುಗೂರು, ಮಾನ್ವಿ ರಸ್ತೆಯಲ್ಲಿ ಇಂಥ ಆಕಾಶ ಪುಕ್ಕಟೆ ಸಿಗುತ್ತದೆ.

ಹೊರಗೆ ಕೂತು ಬರೆಯುವ ರೂಢಿ ಬೆಳೆದದ್ದಕ್ಕೆ ಒಂದು ಸಣ್ಣ ಸಲಕರಣೆಯೂ ಕಾರಣ. ತೈಲವರ್ಣವನ್ನು ಮೊದಲು ಹಂದಿಯ ಮೂತ್ರಕೋಶದ ಚೀಲದಲ್ಲಿ ಕಟ್ಟಿಡುತ್ತಿದ್ದರು. ಚುಚ್ಚಿ ಹಿಂಡಿದ ಮೇಲೆ ಸರಿಯಾಗಿ ಮುಚ್ಚಲು ಬಾರದೆ ಉಳಿದದ್ದು ಒಣಗುತ್ತಿತ್ತು. 1841ರಲ್ಲಿ ಜಾನ್ ರ್‍ಯಾಂಡ್ ಎಂಬ ಅಮೆರಿಕದ ಚಿತ್ರಕಾರ ಹಿಂಡಬಹುದಾದ ತವರದ ಟ್ಯೂಬಿಗೆ ಪೇಟೆಂಟ್ ಪಡೆದ. 1874ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲ ಪ್ರದರ್ಶನ ಮಾಡಿದ, ಬದಲಾಗುವ ಬೆಳಕನ್ನು ಹಿಡಿಯಲು ಹೊರಟ ಇಂಪ್ರೆಷನಿಸ್ಟ್ ಚಿತ್ರಕಾರರು ಹೊಲ, ನದಿ ದಡದಲ್ಲಿ ಕೂರುವುದು ಇದರಿಂದ ಬಹಳ ಸಲೀಸಾಯಿತು. ಅತ್ತ ಜಪಾನಿನಲ್ಲಿ 1830ರ ಹೊತ್ತಿಗೆ ಹೊಕುಸಾಯ್ ಫ್ಯೂಜಿ ಬೆಟ್ಟದ ಮುದ್ರಣ ಸರಣಿಗೆ ಬಳಸಿದ ಗಾಢ ನೀಲಿ, ಬರ್ಲಿನ್ನಿನಲ್ಲಿ 18ನೇ ಶತಮಾನದ ಆರಂಭದಲ್ಲಿ ಸಿಕ್ಕ ಪ್ರಶ್ಯನ್ ಬ್ಲೂ. ನಮ್ಮ ಮಕ್ಕಳ ಬಣ್ಣದ ಡಬ್ಬಿಯಲ್ಲಿ ಇವತ್ತಿಗೂ ಸಿಗುವ ಬಣ್ಣ ಅದು.

ಇನ್ನು ನಮ್ಮಲ್ಲಿ. ಬ್ರಿಟಿಷರು ಬಂದ ಮೇಲೆಯೇ ಭಾರತೀಯರು ಬೆಟ್ಟ ನೋಡಿದರು ಎಂಬಂತೆ ಬರೆಯುವುದು ಸರಿಯಲ್ಲ. ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರ ಭಾಗದಲ್ಲಿ ಬೆಟ್ಟವನ್ನು ಬಂಡೆಗಳ ಗುಂಪು, ಶಿಖರ, ಮರ, ಝರಿಗಳಿಂದ ತೋರಿಸಬೇಕೆಂಬ ವಿಧಿ ಇದೆ. ಅಲೆ, ಜ್ವಾಲೆ, ಹೊಗೆ, ಬಾವುಟಗಳನ್ನು ಗಾಳಿಯ ಚಲನೆಗೆ ತಕ್ಕಂತೆ ಬರೆಯಬಲ್ಲವನೇ ಚಿತ್ರಜ್ಞ ಎಂದೂ ಅದು ಹೇಳುತ್ತದೆ. ನಮ್ಮ ಹಳಗನ್ನಡ ಮಹಾಕಾವ್ಯಗಳ ಹದಿನೆಂಟು ವರ್ಣನೆಗಳಲ್ಲಿ ಸಮುದ್ರ, ಪರ್ವತ, ಋತು, ಸೂರ್ಯೋದಯ, ಚಂದ್ರೋದಯ ಬಿಡುವಂತೆಯೇ ಇರಲಿಲ್ಲ. ಆದರೆ ನಿಜವನ್ನೂ ಹೇಳಬೇಕು: ನಮ್ಮ ಭಾಗದ ಚಿತ್ರ ಪರಂಪರೆ ಆಕೃತಿಯ ಪರಂಪರೆ. ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ ಗವಿಗಳಲ್ಲಿ ಕೆಂಪು ಕಾವಿಯಲ್ಲಿ ಬರೆದದ್ದು ಮುಖ್ಯವಾಗಿ ಮನುಷ್ಯರು, ಪ್ರಾಣಿಗಳು. ಹಂಪಿಯ ವಿರೂಪಾಕ್ಷ ಗುಡಿಯ ರಂಗಮಂಟಪದ ಛಾವಣಿಯಲ್ಲಿ ದೇವರ ಮದುವೆ ಇದೆ, ಮತ್ಸ್ಯಯಂತ್ರ ಭೇದನ ಇದೆ, ವಿದ್ಯಾರಣ್ಯರ ಮೆರವಣಿಗೆ ಇದೆ. ಮಂಟಪದಿಂದ ಹೊರಬಂದರೆ ಕಣ್ಣಿಗೆ ಬೀಳುವ ಹೇಮಕೂಟದ ಬಂಡೆಗಳು ಅಲ್ಲಿ ವಸ್ತುವಾಗಿಲ್ಲ.

ನೋಡಿದ ಸ್ಥಳವನ್ನು ನೋಡಿದಂತೆ ಬರೆಯುವ ಪದ್ಧತಿ 1780ರಲ್ಲಿ ಬಂದ ಇಂಗ್ಲಿಷ್ ಚಿತ್ರಕಾರ ವಿಲಿಯಂ ಹಾಡ್ಜಸ್, ಅವನ ಹಿಂದೆ ಬಂದ ಥಾಮಸ್ ಡೇನಿಯಲ್ ಮತ್ತು ಅವನ ಸೋದರನ ಮಗ ವಿಲಿಯಂ ಡೇನಿಯಲ್ ಇಂಥವರಿಂದ ನಮ್ಮ ದೇಶದಲ್ಲಿ ಹರಡಿತು. ಡೇನಿಯಲ್ಲರು 1795ರಿಂದ 1808ರವರೆಗೆ ಪ್ರಕಟಿಸಿದ ಭಾರತದ ದೃಶ್ಯಗಳು 144. ಅವರದ್ದು ಹೊರಗಿನವರ ಕಣ್ಣು. ಅದನ್ನು ನಮ್ಮದಾಗಿಸಿದವರಲ್ಲಿ ಕರ್ನಾಟಕದ ಮಟ್ಟಿಗೆ ಊಟಿ, ಕೊಡೈಕೆನಾಲಿನ ಮಂಜನ್ನು ಜಲವರ್ಣದಲ್ಲಿ ಹಿಡಿದ ಕೆ. ವೆಂಕಟಪ್ಪ ಮತ್ತು ಬೆಂಗಳೂರಿನ ಹೂಬಿಟ್ಟ ಮರಗಳನ್ನು ತೈಲವರ್ಣದಲ್ಲಿ ಬರೆದ ರುಮಾಲೆ ಚನ್ನಬಸವಯ್ಯ ಮುಖ್ಯರು. ಇಬ್ಬರೂ ಸ್ಥಳಕ್ಕೆ ಹೋಗಿ ನೋಡಿ ಬರೆದವರು. ಆದರೆ ಮಂಜಿನ ಬಣ್ಣ ಕಲಿತರೆ ಬಂಡೆಯ ಬಣ್ಣ ಬರುವುದಿಲ್ಲ. ನಮ್ಮ ನೆಲಕ್ಕೆ ನಮ್ಮದೇ ಪಾಠ ಬೇಕು. ಸಹ ಶಿಕ್ಷಕರಿಗೂ ಪೋಷಕರಿಗೂ ಉಪಯೋಗವಾಗಲೆಂದು ಅದನ್ನು ಕೆಳಗೆ ಬರೆಯುತ್ತಿದ್ದೇವೆ.

ಹೊತ್ತು ಬೆಳಿಗ್ಗೆ ಏಳರಿಂದ ಒಂಬತ್ತು, ಇಲ್ಲವೇ ಸಂಜೆ ನಾಲ್ಕೂವರೆಯ ಮೇಲೆ. ನಡುಮಧ್ಯಾಹ್ನ ನೆರಳು ಬುಡಕ್ಕೆ ಸೇರಿ ದುಂಡು ಬಂಡೆಯೂ ಬಿಲ್ಲೆಯಂತೆ ಕಾಣುತ್ತದೆ. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ. ಆದ್ದರಿಂದ ಮೊದಲ ಹತ್ತು ನಿಮಿಷದಲ್ಲಿ ನೆರಳಿನ ಅಂಚನ್ನು ಪೆನ್ಸಿಲಿನಲ್ಲಿ ಗುರುತಿಸಿ, ಆಮೇಲೆ ಅದನ್ನು ಬದಲಿಸಬಾರದು. ಬದಲಿಸಿದರೆ ಒಂದು ಬಂಡೆಗೆ ಏಳು ಗಂಟೆಯ ನೆರಳು, ಪಕ್ಕದ್ದಕ್ಕೆ ಎಂಟೂವರೆಯದು ಬೀಳುತ್ತದೆ. ರಟ್ಟಿನಲ್ಲಿ 4×6 ಸೆಂಟಿಮೀಟರಿನ ಕಿಂಡಿ ಕತ್ತರಿಸಿ, ತೋಳು ಚಾಚಿ ಅದರೊಳಗಿಂದ ನೋಡಿ ಎಷ್ಟು ಬರೆಯಬೇಕೆಂದು ನಿರ್ಧರಿಸಬೇಕು. ಹಾಳೆಯೂ ಅದೇ ಪ್ರಮಾಣದ್ದಿರಲಿ. ಕಿಂಡಿಯಿಲ್ಲದೆ ಕೂತ ಮಗು ಇಡೀ ಗುಡ್ಡವನ್ನು ತುರುಕಲು ಹೋಗಿ ಯಾವುದನ್ನೂ ಬರೆಯುವುದಿಲ್ಲ.

ಬಂಡೆಗೆ ಗೆರೆ ಹಾಕುವ ಮೊದಲು ಅದು ಹೇಗಾಯಿತು ಎಂದು ತಿಳಿದಿರಬೇಕು. ಇದು ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್. ಬಿರುಕುಗಳಲ್ಲಿ ನೀರಿಳಿದು ಮೂಲೆಗಳು ಸವೆದು, ಮೈ ಉಳ್ಳಾಗಡ್ಡಿಯಂತೆ ಪದರ ಪದರವಾಗಿ ಸುಲಿದು ಈ ದುಂಡು ಆಕಾರ ಬಂದಿದೆ. ಹಾಗಾಗಿ ಬರೆಯುವ ಕ್ರಮವೂ ಅದೇ: ಮೊದಲು ಹೊರಗಿನ ಆಕಾರ, ಆಮೇಲೆ ಬಿರುಕು, ಕೊನೆಗೆ ಸುಲಿದ ಪದರದ ಅಂಚು. ಮೈಮೇಲಿನ ಕಪ್ಪು ಪಟ್ಟೆಗಳು ಮಳೆನೀರು ಹರಿದ ದಾರಿಗಳು. ಅವು ಇಳಿಜಾರನ್ನು ಹಿಡಿದೇ ಇಳಿಯುತ್ತವೆ, ಅಡ್ಡ ಎಳೆದರೆ ಬಂಡೆಯ ದುಂಡುತನ ಹೋಗುತ್ತದೆ. ಎರಡು ಬಂಡೆ ಕೂಡುವ ಜಾಗದ ನೆರಳೇ ಚಿತ್ರದಲ್ಲಿ ಎಲ್ಲಕ್ಕಿಂತ ಕಪ್ಪು. ಅದನ್ನು ಬಿಟ್ಟರೆ ಮೇಲಿನ ಬಂಡೆ ಗಾಳಿಯಲ್ಲಿ ತೇಲುತ್ತದೆ.

ಬಣ್ಣದಲ್ಲಿ ಟ್ಯೂಬಿನ ಕಪ್ಪನ್ನು ದೂರ ಇಡಿ. ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು, ಅಲ್ಟ್ರಾಮರೀನ್ ಎಂಬ ಗಾಢ ನೀಲಿ ಎರಡನ್ನು ಬೆರೆಸಿದರೆ ಜೀವವಿರುವ ಬೂದು ಸಿಗುತ್ತದೆ. ಸಿಯೆನ್ನಾ ಹೆಚ್ಚಾದರೆ ಬಿಸಿಲು ಬದಿಯ ಬೆಚ್ಚನೆ ಬೂದು, ಅಲ್ಟ್ರಾಮರೀನ್ ಹೆಚ್ಚಾದರೆ ನೆರಳಿನ ತಣ್ಣನೆಯದು. ಬಿಸಿಲು ಬದಿಗೆ ಮೊದಲು ಮಣ್ಣು ಹಳದಿಯಾದ ಯೆಲ್ಲೊ ಓಕರಿನ ತೀರಾ ತೆಳು ಲೇಪ. ಭತ್ತದ ಸಸಿಮಡಿಗೆ ಲೆಮನ್ ಯೆಲ್ಲೊಗೆ ಪ್ರಶ್ಯನ್ ಬ್ಲೂ ಕುಂಚದ ತುದಿಯಷ್ಟು. ಸಿದ್ಧ ಹಸಿರನ್ನು ನೇರ ಬಳಿದರೆ ಪ್ಲಾಸ್ಟಿಕ್ ಹುಲ್ಲು ಹಾಸಿದಂತಾಗುತ್ತದೆ. ದೂರದ ಗುಡ್ಡ ಯಾವಾಗಲೂ ನೀಲಿ ಎಂದು ಪುಸ್ತಕ ಹೇಳುತ್ತದೆ. ಮಳೆ ಬಿದ್ದು ಧೂಳು ಅಡಗಿದ ಮೇಲೆ ಅದು ಖರೆ, ಏಕೆಂದರೆ ಶುಭ್ರ ಗಾಳಿ ನೀಲಿ ಬೆಳಕನ್ನೇ ಹೆಚ್ಚು ಚದುರಿಸುತ್ತದೆ. ಏಪ್ರಿಲ್, ಮೇ ತಿಂಗಳ ಬಳ್ಳಾರಿಯಲ್ಲಿ ಹಾಗಲ್ಲ. ಧೂಳಿನ ದೊಡ್ಡ ಕಣ ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಒಂದೇ ಸಮ ಚದುರಿಸುವುದರಿಂದ ದೂರದ ಗುಡ್ಡ ಬಿಳಚಿದ ಹಳದಿ-ಬೂದು. ಅಲ್ಲಿ ನೀಲಿ ಬಳಿದರೆ ಚಿತ್ರಕ್ಕೆ ಬೇರೆ ಊರಿನ ಹವೆ ಬರುತ್ತದೆ.

ಜಲವರ್ಣಕ್ಕೆ ನಮ್ಮಲ್ಲಿ ದೊಡ್ಡ ಶತ್ರು ಒಣ ಗಾಳಿ. 40 ಡಿಗ್ರಿಯಲ್ಲಿ ಆಕಾಶದ ಲೇಪ ಅರ್ಧ ಮುಗಿಯುವಷ್ಟರಲ್ಲಿ ಮೇಲಿನದು ಒಣಗಿ ಗಟ್ಟಿ ಅಂಚು ನಿಲ್ಲುತ್ತದೆ. ಮಕ್ಕಳು ಮತ್ತೆ ಅದರ ಮೇಲೆ ಕುಂಚ ಆಡಿಸಿ ಕಲೆ ಮಾಡುತ್ತಾರೆ. ಪರಿಹಾರ ಕಷ್ಟದ್ದಲ್ಲ. ಮರದ ನೆರಳಲ್ಲಿ ಕೂರಬೇಕು. ಹಾಳೆಯ ಹಿಂಬದಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ನಾಲ್ಕೂ ಅಂಚನ್ನು ಟೇಪಿನಿಂದ ಹಲಗೆಗೆ ಅಂಟಿಸಬೇಕು. ಬಣ್ಣವನ್ನು ಮೊದಲೇ ಬೇಕಾದಷ್ಟು ಕಲಸಿಟ್ಟು, ಹಲಗೆಯನ್ನು ತುಸು ಓರೆ ಮಾಡಿ, 10 ಅಥವಾ 12ನೇ ನಂಬರಿನ ಕುಂಚದಲ್ಲಿ ಮೇಲಿನಿಂದ ಕೆಳಕ್ಕೆ ಅಡ್ಡ ಎಳೆಯುತ್ತಾ, ಅಂಚಿನಲ್ಲಿ ನಿಂತ ಬಣ್ಣದ ನೀರನ್ನು ಕೆಳಗಿನ ಗೆರೆಗೆ ಸೇರಿಸಿಕೊಳ್ಳುತ್ತಾ ಬರಬೇಕು. ಅರ್ಧ ಲೋಟ ನೀರಿಗೆ ನಾಲ್ಕೈದು ಹನಿ ಗ್ಲಿಸರಿನ್ ಹಾಕಿದರೆ ಒಣಗುವುದು ನಿಧಾನವಾಗುತ್ತದೆ. ಹೆಚ್ಚಾದರೆ ಹಾಳೆ ಅಂಟಂಟಾಗಿ ಉಳಿಯುತ್ತದೆ. ತೆಳು ಡ್ರಾಯಿಂಗ್ ಹಾಳೆ ನೀರು ಬಿದ್ದೊಡನೆ ಉಬ್ಬಿ, ಬಣ್ಣ ತಗ್ಗಿನಲ್ಲಿ ನಿಲ್ಲುತ್ತದೆ. 300 ಜಿಎಸ್ಎಂ, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪ ಹಾಳೆ ದುಬಾರಿ, ನಿಜ. ಒಂದು ಹಾಳೆಯನ್ನು ಎಂಟು ತುಂಡು ಮಾಡಿ ಎಂಟು ಮಕ್ಕಳಿಗೆ ಕೊಡಿ. ಸ್ಥಳದಲ್ಲಿ ಕೂತು ಬರೆಯಲು ಅಷ್ಟು ಅಳತೆ ಸಾಕು. ಬಿಸಿಲಲ್ಲಿ ಹಾಳೆ ಹಿಡಿದು ಮಾತ್ರ ಬರೆಯಬೇಡಿ. ಬಿಳಿ ಹಾಳೆ ಕಣ್ಣು ಕುಕ್ಕಿ ಬಣ್ಣ ತಿಳಿಯಾಗಿ ಕಾಣುವುದರಿಂದ ಕೈ ತಾನಾಗಿ ಗಾಢ ಬಳಿಯುತ್ತದೆ. ಮನೆಯೊಳಗೆ ತಂದರೆ ಚಿತ್ರ ಕತ್ತಲಾಗಿರುತ್ತದೆ.

ಕೊನೆಗೆ ಪತ್ರಿಕೆಗೆ ಒಂದು ಬೇಡಿಕೆ. ಇಂಗ್ಲೆಂಡಿನ ಚಿತ್ರಕಾರ ಜಾನ್ ಕಾನ್ಸ್‌ಟೇಬಲ್ 1821, 1822ರಲ್ಲಿ ಹ್ಯಾಂಪ್‌ಸ್ಟೆಡ್‌ನಲ್ಲಿ ಬರೀ ಮೋಡಗಳನ್ನು ಕಾಗದದ ಮೇಲೆ ತೈಲವರ್ಣದಲ್ಲಿ ಬರೆದು, ಹಲವು ಚಿತ್ರಗಳ ಹಿಂಬದಿಯಲ್ಲಿ ದಿನಾಂಕ, ಗಂಟೆ, ಗಾಳಿ ಬೀಸಿದ ದಿಕ್ಕನ್ನು ಬರೆದಿಟ್ಟ. ನಿಮ್ಮ ಮಕ್ಕಳ ಪುಟದ ಚಿತ್ರಕಲಾ ಸ್ಪರ್ಧೆಗೂ ಇದೇ ನಿಯಮ ತನ್ನಿ. ವಿಷಯ ‘ನಿಸರ್ಗ ದೃಶ್ಯ’ ಎಂದಿರುವ ಬದಲು ‘ನಮ್ಮೂರಿನ ಗುಡ್ಡ’, ‘ನಮ್ಮೂರಿನ ಕಾಲುವೆ’, ‘ನಮ್ಮೂರಿನ ಹೊಲ’ ಎಂದಿರಲಿ. ಹಾಳೆಯ ಹಿಂಬದಿಯಲ್ಲಿ ಸ್ಥಳದ ಹೆಸರು, ಕೂತ ದಿಕ್ಕು, ಗಂಟೆ, ಆ ಹೊತ್ತಿನ ಬಿಸಿಲು ಮೋಡಗಳ ವಿವರವನ್ನು ಮಗುವೇ ಬರೆದಿರಬೇಕು. ಅಷ್ಟಿಲ್ಲದ ಚಿತ್ರವನ್ನು ಪರಿಗಣಿಸಬೇಡಿ. ನಮ್ಮ ತಾಲ್ಲೂಕಿನ ಮಟ್ಟಿಗೆ ಪ್ರವೇಶಗಳನ್ನು ಒಟ್ಟು ಮಾಡಿ, ಹಿಂಬದಿಯ ವಿವರಕ್ಕೂ ಚಿತ್ರದ ನೆರಳಿಗೂ ತಾಳೆ ಇದೆಯೇ ಎಂದು ನೋಡಿ ಕಳಿಸಿಕೊಡುವ ಕೆಲಸವನ್ನು ನಾವು ಸಂಬಳವಿಲ್ಲದೆ ಮಾಡಲು ಸಿದ್ಧರಿದ್ದೇವೆ.

ಚಿತ್ರಕಲಾ ಶಿಕ್ಷಕರು,
ಗಂಗಾವತಿ, ಕೊಪ್ಪಳ ಜಿಲ್ಲೆ