ಟೆಂಟ್ ಶಾಲೆಯ ಮಕ್ಕಳು ತಮ್ಮ ಪುಸ್ತಕ ತಾವೇ ಮಾಡಲಿ

ಮಾನ್ಯ ಸಂಪಾದಕರೇ,

ಕಬ್ಬು ನುರಿಸುವ ಹಂಗಾಮು ಶುರುವಾದರೆ ಮಹಾರಾಷ್ಟ್ರದ ಬೀಡ್ ಕಡೆಯಿಂದ ಬೆಳಗಾವಿ, ಬಾಗಲಕೋಟೆಗೂ ವಿಜಯನಗರ, ಬಳ್ಳಾರಿ ಕಡೆಯ ಲಂಬಾಣಿ ತಾಂಡಾಗಳಿಂದ ಮಂಡ್ಯಕ್ಕೂ ಕಟಾವು ಗ್ಯಾಂಗುಗಳು ಬಂದಿಳಿಯುತ್ತವೆ. ಜೊತೆಗೆ ಮಕ್ಕಳೂ ಬರುತ್ತಾರೆ. ಊರ ಶಾಲೆಯ ಹಾಜರಿಯಲ್ಲಿ ಹೆಸರಿದ್ದರೂ ಕಟಾವು ಮುಗಿಯುವವರೆಗೆ ಅವರು ಯಾವ ಶಾಲೆಯವರೂ ಅಲ್ಲ. ಇವರಿಗಾಗಿ ಬಿಡಾರದ ಬಳಿಯೇ ತಾತ್ಕಾಲಿಕ ಟೆಂಟ್ ಶಾಲೆ ನಡೆಯುವ ಕಡೆಯೂ ಸೃಜನಶೀಲ ಕಲಿಕೆಯೆಂದರೆ ಶನಿವಾರದ ಬಣ್ಣ, ಹಾಡು. ಉಳಿದ ದಿನ ಸ್ಲೇಟಿನ ಮೇಲೆ ಅ, ಆ ತಿದ್ದುವುದು ಎಂಬಂತಾಗಿಬಿಡುತ್ತದೆ. ಹನ್ನೆರಡರ ಹುಡುಗನನ್ನು ಆರು ವರ್ಷದವರ ಸಾಲಿನಲ್ಲಿ ಕೂರಿಸಿ ಅಕ್ಷರ ಹೇಳಿಸಿದರೆ ಅವನು ನಾಲ್ಕನೇ ದಿನ ಹೊಲಕ್ಕೇ ಹೋಗುತ್ತಾನೆ. ಅವನಿಗೆ ಬುದ್ಧಿ ಕಮ್ಮಿಯಿಲ್ಲ, ನಾಚಿಕೆಯಾಗಿರುತ್ತದೆ.

ಓದನ್ನೇ ಸೃಜನಶೀಲವಾಗಿ ಕಲಿಸಲು ದುಬಾರಿ ಕಿಟ್ ಬೇಕಿಲ್ಲ. ಒಂದು ಎ4 ಹಾಳೆಯನ್ನು ಮೂರು ಸಲ ಅರ್ಧಕ್ಕೆ ಮಡಚಿ ಬಿಚ್ಚಿದರೆ ಎಂಟು ಮನೆಗಳ ಗೆರೆ ಮೂಡುತ್ತದೆ. ಈಗ ಚಿಕ್ಕ ಅಂಚುಗಳೆರಡು ಕೂಡುವಂತೆ ಅಡ್ಡಕ್ಕೆ ಒಮ್ಮೆ ಮಡಚಿ, ಮಡಿಕೆಯ ಕಡೆಯಿಂದ ನಡುಗೆರೆಯ ಮೇಲೆ ಮುಂದಿನ ಗೆರೆಯವರೆಗೆ ಮಾತ್ರ ಕತ್ತರಿಸಬೇಕು. ಬಿಚ್ಚಿ, ಉದ್ದನೆಯ ಅಂಚುಗಳೆರಡು ಕೂಡುವಂತೆ ಮಡಚಿ, ಎರಡೂ ತುದಿಗಳನ್ನು ಒಳಕ್ಕೆ ತಳ್ಳಿದರೆ ಹೊಲಿಗೆ, ಅಂಟು ಬೇಡದ ಎಂಟು ಪುಟದ ಪುಸ್ತಕ ಸಿದ್ಧ. ಮಕ್ಕಳು ಹೆಚ್ಚಾಗಿ ತಪ್ಪುವುದು ಕತ್ತರಿಸುವಾಗ: ಮಡಿಕೆಯ ಬದಲು ತೆರೆದ ಅಂಚಿನಿಂದ ಕತ್ತರಿ ಹಾಕಿದರೆ ಹಾಳೆ ಹಾಳು. ಇದರಲ್ಲಿ ಹಾಳೆಯ ಒಂದೇ ಮೈ ಹೊರಗೆ ಕಾಣುವುದರಿಂದ, ಕಚೇರಿಗಳಲ್ಲಿ ಒಂದು ಬದಿ ಮುದ್ರಿಸಿ ಎಸೆದ ಕಾಗದವೇ ಸಾಕು. ಆದರೆ ಪುಟ ಅಂಗೈಯಷ್ಟು ಚಿಕ್ಕದು; ಈಗಷ್ಟೇ ಬರೆಯಲು ಹೊರಟವರಿಗೆ ದೊಡ್ಡ ಗೋಡೆ ಕ್ಯಾಲೆಂಡರಿನ ಹಿಂಬದಿ ಕೊಡಿ.

ಮೊದಲು ಚಿತ್ರ, ಆಮೇಲೆ ಮಾತು. ಪುಟಕ್ಕೆ ಮೂರು ನಾಲ್ಕು ಪದಗಳ ಒಂದೇ ಸಾಲು, ಅದೂ ಮಗುವಿನ ಮನೆಮಾತಿನಲ್ಲಿ. ಲಂಬಾಣಿ ಮಗು 'ಯಾಡಿ' ಎಂದರೆ ಶಿಕ್ಷಕರು ಕನ್ನಡ ಲಿಪಿಯಲ್ಲಿ 'ಯಾಡಿ' ಎಂದೇ ಬರೆದುಕೊಡಬೇಕು, 'ಅವ್ವ' ಎಂದು ತಿದ್ದಬಾರದು. ತಾನು ಆಡಿದ್ದೇ ಕಾಗದದ ಮೇಲಿರುವುದರಿಂದ ಮಗು ಊಹಿಸಿ ಓದುತ್ತದೆ. ಊಹೆ ಸರಿಯಾದಂತೆಲ್ಲ ಅಕ್ಷರ ಗುರುತಾಗುತ್ತದೆ. ಅದೇ ಚಿತ್ರಗಳಿಗೆ ಕನ್ನಡದ ಸಾಲು ಬರುವುದು ಎರಡನೇ ಪುಸ್ತಕದಲ್ಲಿ. ಮೊದಲ ಪುಸ್ತಕಕ್ಕೇ ಕೆಂಪು ಶಾಯಿ ಹಿಡಿದು ಕೂತರೆ ಎರಡನೆಯದು ಹುಟ್ಟುವುದೇ ಇಲ್ಲ.

ದೊಡ್ಡ ಮಕ್ಕಳಿಗೆ ಸಕ್ಕರೆ ಕಾರ್ಖಾನೆಯ ತೂಕದ ಚೀಟಿಯಷ್ಟು ಒಳ್ಳೆಯ ಗಣಿತದ ಪಾಠ ಇನ್ನೊಂದಿಲ್ಲ. ತುಂಬಿದ ಟ್ರ್ಯಾಕ್ಟರ್ 22.150 ಟನ್, ಖಾಲಿಯಾದ ಮೇಲೆ 7.480 ಟನ್ ಎಂದಿಟ್ಟುಕೊಳ್ಳಿ. ಕಬ್ಬಿನ ತೂಕವೆಷ್ಟು? ಅನೇಕ ಮಕ್ಕಳು ಬಿಂದುವಿನ ಆಚೆ ಈಚೆ ಬೇರೆ ಬೇರೆ ಕಳೆದು, 480ರಲ್ಲಿ 150 ತೆಗೆದು 15.330 ಎನ್ನುತ್ತಾರೆ. ಸರಿಯುತ್ತರ 14.670. ನಡುವಿನ ವ್ಯತ್ಯಾಸ 660 ಕಿಲೊ! ಕೂಲಿ ಟನ್ನಿನ ಲೆಕ್ಕದಲ್ಲಿ ಸಿಗುವ ಮನೆಯ ಮಗುವಿಗೆ ದಶಕ ಎರವಲು ಪಡೆಯುವುದು ಏಕೆಂದು ಬೇರೆ ಹೇಳಬೇಕಾಗಿಲ್ಲ.

ರವದಿಯ (ಕಬ್ಬಿನ ಒಣಗರಿಯ) ಗುಡಿಸಲಿನಲ್ಲಿ ಪುಸ್ತಕ ಒದ್ದೆಯಾಗುತ್ತದೆ, ಒಲೆಗೂ ಹೋಗುತ್ತದೆ. ಶಾಲೆಯಲ್ಲೇ ಹಗ್ಗ ಕಟ್ಟಿ, ಬಟ್ಟೆ ಕ್ಲಿಪ್ಪಿನಲ್ಲಿ ತೂಗುಹಾಕಿ. ಮಕ್ಕಳು ಒಬ್ಬರದನ್ನೊಬ್ಬರು ಓದುತ್ತಾರೆ. ಊರಿಗೆ ಹೊರಡುವಾಗ ಎಲ್ಲವನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಏನು ಓದಬಲ್ಲರು, ಯಾವ ಲೆಕ್ಕ ಬಂದಿದೆ ಎಂಬ ಒಂದು ಪುಟದ ಟಿಪ್ಪಣಿಯೊಂದಿಗೆ ಕೈಗೆ ಕೊಡಬೇಕು. ಊರಿನ ಶಿಕ್ಷಕರಿಗೆ ಆ ಮಗು 'ಇಷ್ಟು ದಿನ ಗೈರು' ಎಂದಷ್ಟೇ ಕಾಣದಿರಲು ಇದೊಂದೇ ಸಾಕ್ಷಿ.

ಶಿಕ್ಷಣ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಇಂಥ ಮಕ್ಕಳನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ತರಬೇತಿ ಕೊಡಬೇಕೆನ್ನುತ್ತದೆ. ವರ್ಗಾವಣೆ ಪತ್ರ ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ ಎಂದು 5ನೇ ಸೆಕ್ಷನ್ ಹೇಳುತ್ತದೆ. ಆದರೂ ಗ್ಯಾಂಗುಗಳು ಬಂದು ತಿಂಗಳುಗಟ್ಟಲೆ ಕಳೆದ ಮೇಲೆ ಸಮೀಕ್ಷೆ ನಡೆಸಿದರೆ ಕಲಿಸಲು ಉಳಿಯುವ ದಿನಗಳೆಷ್ಟು? ಯಾವ ಗ್ಯಾಂಗ್ ಯಾವ ಊರಿಗೆ ಬರುತ್ತದೆಂಬುದು ಕಟಾವಿನ ಒಪ್ಪಂದ ಮಾಡಿಕೊಳ್ಳುವ ಕಾರ್ಖಾನೆ, ಗುತ್ತಿಗೆದಾರರಿಗೆ ಮೊದಲೇ ತಿಳಿದಿರುತ್ತದೆ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗಳು ಆ ಪಟ್ಟಿಯನ್ನು ಹಂಗಾಮಿಗೆ ಮುನ್ನವೇ ತರಿಸಿಕೊಂಡು, ಗ್ಯಾಂಗ್ ಇಳಿದ ವಾರದಲ್ಲೇ ಟೆಂಟ್ ಶಾಲೆ ತೆರೆಯಲಿ. ಕಾಗದ, ಕತ್ತರಿ, ಪೆನ್ಸಿಲ್ ಮೊದಲ ದಿನವೇ ಅಲ್ಲಿರಲಿ.

– ಟೆಂಟ್ ಶಾಲೆಗಳಲ್ಲಿ ಕಲಿಸುವವರು, ಬಾಗಲಕೋಟೆ ಜಿಲ್ಲೆ