24 ಗಂಟೆ ಬಿಸಿ ಅಂದರೆ ಎಷ್ಟು ಬಿಸಿ?

ಸಂಪಾದಕರೇ,

ಕಳೆದ ವಾರ ನಿಮ್ಮ ಪತ್ರಿಕೆಯೊಳಗೆ ಮಡಚಿ ಬಂದ ಒಂದು ಅಂಗಡಿಯ ಚೀಟಿ ನೋಡಿದೆ. ಸ್ಟೀಲ್ ಫ್ಲಾಸ್ಕ್, '24 ಗಂಟೆ ಬಿಸಿ', ಅರ್ಧ ಬೆಲೆ. ಇದೇ ಮಾತು ನಂಬಿ ಒಮ್ಮೆ ಹಣ ಕಳೆದುಕೊಂಡವನು ನಾನು. ಹಾಗಾಗಿ ಈ ಪತ್ರ.

ನನ್ನ ತೋಟ ಇರುವುದು ದೇಲಂಪಾಡಿ ಪಂಚಾಯತಿನಲ್ಲಿ, ಕಾಡಿನ ಅಂಚಿಗೆ. ಕಾರಡ್ಕ, ಮುಳಿಯಾರು, ನಮ್ಮ ದೇಲಂಪಾಡಿ, ಈ ಕಡೆಯ ಆನೆ ಉಪದ್ರದ ಸುದ್ದಿ ಓದುಗರಿಗೆ ಹೊಸದಲ್ಲ. ಬಾಳೆ ಗೊನೆ ಹಾಕುವ ಸಮಯಕ್ಕೆ ನಾನೂ ನೆರೆಮನೆಯವರೂ ಸರದಿಯಲ್ಲಿ ರಾತ್ರಿ ಕಾವಲು ಕೂರುತ್ತೇವೆ. ಒಂಬತ್ತಕ್ಕೆ ಹೋದರೆ ಮನೆಗೆ ಬರುವುದು ಬೆಳಗ್ಗೆ ನಾಲ್ಕು ಕಳೆದ ಮೇಲೆ. ಕೈಯಲ್ಲಿ ಟಾರ್ಚು, ಗರ್ನಾಲು ಪಟಾಕಿ, ಒಂದು ಫ್ಲಾಸ್ಕ್ ಕಷಾಯ. ಎರಡು ಗಂಟೆ ಹೊತ್ತಿಗೆ ಕಣ್ಣು ಎಳೆಯುವಾಗ ಆ ಕಷಾಯ ಬಿಸಿ ಇದ್ದರೇ ಪ್ರಯೋಜನ.

ಮೊದಲು ಅಮ್ಮನ ಕಾಲದ ಗಾಜಿನ ಫ್ಲಾಸ್ಕ್ ಇತ್ತು. ಬೆಳಗ್ಗಿನವರೆಗೂ ನಾಲಗೆ ಸುಡುತ್ತಿತ್ತು. ಒಂದು ರಾತ್ರಿ ತೋಡಿನ ಆಚೆ ಬಿದಿರು ಮುರಿದ ಸದ್ದು ಕೇಳಿ ಗಡಿಬಿಡಿಯಲ್ಲಿ ಎದ್ದೆ. ಕಾಲು ತಾಗಿ ಫ್ಲಾಸ್ಕ್ ಮುರಕಲ್ಲಿನ ಮೇಲೆ ಬಿತ್ತು. ಹೊರಗೆ ನೋಡಿದರೆ ಒಂದು ಗೀರೂ ಇಲ್ಲ. ಎತ್ತಿ ಅಲುಗಾಡಿಸಿದರೆ ಒಳಗೆ ಚಿಲ್ ಚಿಲ್. ಆನೆ ಬರಲಿಲ್ಲ, ಅದು ಬೇರೆ ಮಾತು.

ಮತ್ತೆ ಪೇಟೆಯಿಂದ ಸ್ಟೀಲಿನದ್ದು ತಂದೆ. 650 ರೂಪಾಯಿ. ಅದರಲ್ಲೂ '24 ಗಂಟೆ' ಎಂದೇ ಬರೆದಿತ್ತು. ಮೊದಲ ರಾತ್ರಿಯೇ ಎರಡು ಗಂಟೆಗೆ ಮುಚ್ಚಳ ತೆಗೆದರೆ ಹಬೆ ಇಲ್ಲ. ಮೂಗಿಗೆ ಹುಳಿ ವಾಸನೆ. ಹಾಲು ಹಾಕಿದ ಜೀರಿಗೆ ಕಷಾಯ ಒಡೆದು, ಮೇಲೆ ಮೊಸರಿನ ಚೂರು ತೇಲುತ್ತಿತ್ತು. ಹಾಲು ಸುಡುಬಿಸಿ ಇದ್ದರೆ ತೊಂದರೆ ಇಲ್ಲ, ತಣ್ಣಗಿದ್ದರೂ ತೊಂದರೆ ಕಡಿಮೆ. ಉಗುರುಬೆಚ್ಚಗೆ ನಿಂತರೆ ಕೆಡುತ್ತದೆ. ಹೆಪ್ಪು ಹಾಕುವುದೂ ಅದೇ ಬಿಸಿಯಲ್ಲಿ ಅಲ್ವಾ?

ಸಿಟ್ಟು ಬಂತು. ಹಾಲಿನ ಸೊಸೈಟಿಯಲ್ಲಿ ಲ್ಯಾಕ್ಟೋಮೀಟರ್ ಜೊತೆ ಇಡುವ ಥರ್ಮಾಮೀಟರನ್ನು ಎರಡು ದಿನಕ್ಕೆ ಕೇಳಿ ತಂದೆ. ಕುದಿಯುವ ನೀರು ಹಾಕಿ ರಾತ್ರಿ ಒಂಬತ್ತಕ್ಕೆ ಮುಚ್ಚಿಟ್ಟೆ. ಬೆಳಗ್ಗೆ ನಾಲ್ಕಕ್ಕೆ ನೋಡಿದರೆ 43 ಡಿಗ್ರಿ. ಮುಖ ತೊಳೆಯಲಿಕ್ಕೆ ಒಳ್ಳೆಯದು. ಮಗ ಡಬ್ಬಿ ತಿರುಗಿಸಿ ಓದಿದ. 'ಇನ್ಸುಲೇಟೆಡ್' ಅಂತ ಇತ್ತು. 'ವ್ಯಾಕ್ಯೂಮ್' ಎಂಬ ಮಾತೇ ಇಲ್ಲ!

ಗುಟ್ಟು ಇರುವುದೇ ಅಲ್ಲಿ. ಒಳ್ಳೆಯ ಫ್ಲಾಸ್ಕಿಗೆ ಎರಡು ಗೋಡೆ, ಮಧ್ಯದಲ್ಲಿ ಗಾಳಿ ತೆಗೆದ ಜಾಗ, ಅದೇ ವ್ಯಾಕ್ಯೂಮ್. ದಾಟಿಸಲು ನಡುವೆ ಏನೂ ಇಲ್ಲದಿದ್ದರೆ ಬಿಸಿ ಹೋಗುವುದಾದರೂ ಹೇಗೆ? 1892ರಲ್ಲಿ ಜೇಮ್ಸ್ ಡ್ಯೂವರ್ ಎಂಬ ವಿಜ್ಞಾನಿ ಇದನ್ನು ಮಾಡಿದ್ದು ಚಹಾಕ್ಕಲ್ಲ, ನೀರಿನ ಹಾಗೆ ದ್ರವ ಮಾಡಿದ ಗ್ಯಾಸುಗಳನ್ನು ತಣ್ಣಗೆ ಇಡಲಿಕ್ಕೆ. ಬಿಸಿ ಹೊರಗೆ ಹೋಗದ ದಾರಿಯಲ್ಲಿ ಒಳಗೂ ಬರುವುದಿಲ್ಲ. ನನ್ನ 650 ರೂಪಾಯಿಯದ್ದರಲ್ಲಿ ಗೋಡೆ ಎರಡು ಇದ್ದವು, ನಡುವೆ ಸುಮ್ನೆ ಗಾಳಿ.

ಎರಡನೆಯ ಸಲ ಹುಷಾರಾದೆ. ಕಾಸರಗೋಡಿನ ಹಳೆ ಬಸ್‌ಸ್ಟಾಂಡ್ ಹತ್ತಿರದ ಒಂದು ಪಾತ್ರೆ ಅಂಗಡಿಗೆ ಹೋಗಿ, ಪಕ್ಕದ ಹೋಟೆಲಿನಿಂದ ಕುದಿಯುವ ನೀರು ತರಿಸಿದೆ. ಎರಡು ಫ್ಲಾಸ್ಕಿಗೆ ಹಾಕಿ, ಮುಚ್ಚಿ, ಹತ್ತು ನಿಮಿಷ ಕೂತೆ. ಅಂಗಡಿಯವರು ನಕ್ಕು, "ನೀವು ಫ್ಲಾಸ್ಕ್ ನೋಡ್ಲಿಕ್ಕೆ ಬಂದದ್ದೋ, ಹೆಣ್ಣು ನೋಡ್ಲಿಕ್ಕೋ?" ಎಂದರು. ಅಂಗೈಯಿಂದ ಮೈ ಪೂರ್ತಿ ಸವರಿದೆ. ಒಂದರ ಬುಡ ಬೆಚ್ಚಗೆ, ಅದನ್ನು ಆಚೆ ಇಟ್ಟೆ. ಇನ್ನೊಂದರ ಮೈ ಕಲ್ಲಿನ ಹಾಗೆ ತಣ್ಣಗೆ, ಮುಚ್ಚಳದ ಹತ್ತಿರ ಮಾತ್ರ ಸ್ವಲ್ಪ ಬಿಸಿ. ಅದನ್ನೇ ತಂದೆ, 1,150 ಕೊಟ್ಟು.

ಮುಚ್ಚಳ ಬಿಸಿಯಾಗುವುದು ಎಲ್ಲ ಫ್ಲಾಸ್ಕಿನಲ್ಲೂ ಇದ್ದದ್ದೇ. ಒಳಗೋಡೆ ಹೊರಗೋಡೆ ಸೇರುವುದು ಬಾಯಿಯಲ್ಲಿ, ಹೆಚ್ಚಿನ ಬಿಸಿ ಸೋರುವುದೂ ಅಲ್ಲೇ. ಹಾಗಾಗಿ ಬಾಯಿ ಸಣ್ಣದಿರಲಿ, ಮುಚ್ಚಳ ದಪ್ಪ ಇರಲಿ. ಗುಂಡಿ ಒತ್ತಿದರೆ ಸುರಿಯುವ ಮುಚ್ಚಳ ನೋಡಲು ಚೆಂದ, ಆದರೆ ಅದರ ಸಂದಿಯಲ್ಲಿ ಹಾಲು ಕೂತರೆ ತೊಳೆದು ಮುಗಿಯುವುದಿಲ್ಲ.

ಹೊಸತನ್ನೂ ಅದೇ ಥರ್ಮಾಮೀಟರಿನಲ್ಲಿ ನೋಡಿದೆ. ಏಳು ಗಂಟೆ ಕಳೆದು 71 ಡಿಗ್ರಿ. ಮರುದಿನ ಅರ್ಧ ಮಾತ್ರ ತುಂಬಿಸಿದೆ, 58ಕ್ಕೆ ಇಳಿಯಿತು. ಈಗ ಮನೆಯವಳು ಮೊದಲು ಐದು ನಿಮಿಷ ಬಿಸಿನೀರು ಹಾಕಿಟ್ಟು, ಅದನ್ನು ಚೆಲ್ಲಿ, ಕುತ್ತಿಗೆಯವರೆಗೆ ಕಷಾಯ ತುಂಬಿಸುತ್ತಾಳೆ. ಹಾಲು ಇಲ್ಲ, ಬೆಲ್ಲ ಮಾತ್ರ. ರುಚಿ ಸ್ವಲ್ಪ ಕಡಿಮೆ, ಸುಳ್ಳು ಹೇಳುವುದಿಲ್ಲ.

ನನ್ನ ತಕರಾರು ಇಷ್ಟೇ. '24 ಗಂಟೆ ಬಿಸಿ' ಎಂದರೆ ಏನರ್ಥ? 40 ಡಿಗ್ರಿಯೂ ಅವರ ಲೆಕ್ಕದಲ್ಲಿ ಬಿಸಿಯೇ ಇರಬಹುದು. ಜಪಾನಿನ ಕಂಪನಿಗಳು ಆರು ಗಂಟೆ ಕಳೆದ ಮೇಲೆ ಕನಿಷ್ಠ ಎಷ್ಟು ಡಿಗ್ರಿ ಎಂದು ಬರೆಯುತ್ತವೆ. ನಮ್ಮಲ್ಲಿ ಮಾರುವವರೂ ಹಾಗೇ ಬರೆಯಲಿ. ನಮ್ಮ ಕಡೆ ಮಾರುವಾಗ ಒಂದು ಸಾಲು ಕನ್ನಡದಲ್ಲೂ ಇರಲಿ, ಓದಿ ಹೇಳುವ ಮಗ ಎಲ್ಲರ ಮನೆಯಲ್ಲೂ ಇರುವುದಿಲ್ಲ. ಅಂಗಡಿಯವರಲ್ಲಿ ಇನ್ನೊಂದು ವಿನಂತಿ: ಮುಚ್ಚಳದ ರಬ್ಬರ್ ವಾಶರ್ ಬಿಡಿಯಾಗಿ ತರಿಸಿಡಿ. ಹತ್ತಿಪ್ಪತ್ತು ರೂಪಾಯಿಯ ವಾಶರ್ ಸಿಗದೆ ಒಳ್ಳೆಯ ಫ್ಲಾಸ್ಕನ್ನೇ ಗುಜರಿಗೆ ಹಾಕಿದವರು ನಮ್ಮ ಊರಲ್ಲೇ ಇಬ್ಬರಿದ್ದಾರೆ.

650 ರೂಪಾಯಿಯದ್ದನ್ನು ನಾನು ಬಿಸಾಡಲಿಲ್ಲ. ಕಾವಲಿನ ಗುಡಿಸಲಲ್ಲೇ ಇದೆ. ಆಟಿ ತಿಂಗಳ ಮಳೆಯಲ್ಲೂ ಅದರೊಳಗೆ ಬೆಂಕಿಪೆಟ್ಟಿಗೆ ಒದ್ದೆಯಾಗುವುದಿಲ್ಲ.

ಒಬ್ಬ ಕೃಷಿಕ,
ದೇಲಂಪಾಡಿ, ಕಾಸರಗೋಡು